ಕೂಲಮೈನ್ ಮನೆ, ಮೂರನೇ ಸಲ: ಎರಡು ದಿನ, ಒಂದು ಹಲಗೆ

ಈ ಸಲ ಹಳೇ ಕೂಲಮೈನ್ ಮನೆಯ ಗೋಡೆ ದುರಸ್ತಿಗೆ ಎರಡು ದಿನ ಕೆಲಸ ಮಾಡಿದೆವು. ಮುಗಿದದ್ದು ಒಂದೇ ಹಲಗೆ. ಆದರೂ ಮನಸ್ಸು ತುಂಬಿದೆ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲ ಸಲ ಓದುವವರಿಗೆ: ಕೂಲಮೈನ್ ಇರುವುದು ಆಸ್ಟ್ರೇಲಿಯಾದ ಕೊಸಿಯಸ್ಕೊ ನ್ಯಾಷನಲ್ ಪಾರ್ಕಿನ ಉತ್ತರ ಭಾಗದಲ್ಲಿ, 1,200 ಮೀಟರಿಗೂ ಎತ್ತರದ ಹುಲ್ಲುಬಯಲಲ್ಲಿ. ಬೇಸಿಗೆಯಲ್ಲಿ ಕುರಿ, ದನ ಮೇಯಿಸಲು ಫ್ರೆಡರಿಕ್ ಕ್ಯಾಂಪ್‌ಬೆಲ್ ಇಲ್ಲಿ ಮನೆ ಕಟ್ಟಿಸಿದ್ದು 1880ರ ದಶಕದಲ್ಲಿ. ಆತನ ದೊಡ್ಡ ಎಸ್ಟೇಟ್ ಯಾರಲಮ್ಲಾ. ಈಗ ಗವರ್ನರ್ ಜನರಲ್ ಇರುವ ಬಂಗಲೆ ಅದೇ, ಕ್ಯಾನ್‌ಬೆರಾದಲ್ಲಿರುವ ನಮಗೆಲ್ಲ ಗೊತ್ತಿರುವ ಜಾಗ.

ಇಲ್ಲಿನ ಗೋಡೆ ಎಂದರೆ ಮರದ ದಪ್ಪ ಸೀಳುಗಳು. ಗರಗಸ ಹಾಕಿಲ್ಲ. ಬೆಣೆ ಹೊಡೆದು ದಿಮ್ಮಿ ಸೀಳಿ, ಬಾಚಿಯಲ್ಲಿ ಕೆತ್ತಿ, ಕೆಳಗಿನ ತೊಲೆಯಲ್ಲಿ ಕೊರೆದ ತೋಡಿಗೆ ಒಂದೊಂದಾಗಿ ನೆಟ್ಟಗೆ ಇಳಿಸಿದ್ದಾರೆ. ತೊಂದರೆ ಶುರುವಾಗುವುದೂ ಆ ತೋಡಿನಲ್ಲೇ. ಮಳೆ, ಹಿಮದ ನೀರು ಅಲ್ಲಿ ನಿಂತು ಹಲಗೆಯ ಬುಡ ಕುಂಬಾಗುತ್ತದೆ. ನಮ್ಮ ಹಲಗೆಯೂ ಹಾಗೇ ಆಗಿತ್ತು. ಉಳಿ ಒತ್ತಿದರೆ ನೆನೆದ ರಸ್ಕಿನ ಹಾಗೆ ಉದುರುತ್ತಿತ್ತು. ಒಂದು ಗೇಣು ಮೇಲೆ ಮಾತ್ರ ಮರ ಕಬ್ಬಿಣ.

ಇಡೀ ಹಲಗೆ ಬದಲಿಸಿದರೆ ಅರ್ಧ ದಿನದ ಕೆಲಸ, ಅಲ್ವಾ ಎಂದು ಕೇಳಿದೆ. ತಂಡದ ಹಿರಿಯ ಬಡಗಿ ಬೇಡ ಎಂದರು. "ಕುಂಬಾಗಿದ್ದಷ್ಟೇ ತೆಗಿ." ಇದು ಅವರೊಬ್ಬರ ಹಟವಲ್ಲ. ಹಳೇ ಕಟ್ಟಡ ಉಳಿಸುವವರಿಗೆ ಈ ದೇಶದಲ್ಲಿ 1979ರಿಂದ ಬುರ್ರಾ ಚಾರ್ಟರ್ ಎಂಬ ಮಾರ್ಗಸೂಚಿ ಇದೆ, ಅದರ ತಿರುಳು ಕೂಡ ಇಷ್ಟೇ: ಎಷ್ಟು ಬೇಕೋ ಅಷ್ಟು ಮಾಡಿ, ಆದರೆ ಆದಷ್ಟು ಕಡಿಮೆ ಮುಟ್ಟಿ. ಹಾಗಾಗಿ ಕೆಳಗಿನ ಗೇಣುದ್ದ ಕತ್ತರಿಸಿ, ಅದೇ ಜಾತಿಯ ಮರದ ತುಂಡಿಗೆ ಓರೆ ಕಚ್ಚು ಕೊಟ್ಟು ಬೆಸೆದೆವು. ಮೊದಲ ಕಚ್ಚು ಕೂರಲಿಲ್ಲ, ಬೆಳಕು ಕಾಣುತ್ತಿತ್ತು. ಮತ್ತೆ ಕೆತ್ತಿದೆ. ಎರಡನೇ ದಿನ ಮಧ್ಯಾಹ್ನ ಕೊಡತಿಯಲ್ಲಿ ನಾಲ್ಕು ಏಟು ಹಾಕಿದಾಗ ಟಕ್ ಎಂದು ಕೂತ ಸದ್ದು ಇನ್ನೂ ಕಿವಿಯಲ್ಲಿದೆ! ಹೊಸ ತುಂಡಿನ ಹಿಂಬದಿ ಇಸವಿ ಕೊರೆದಿದ್ದೇವೆ, ಮುಂದೆ ಯಾರೂ ಅದನ್ನು ಹಳೇದು ಎಂದುಕೊಳ್ಳಬಾರದು.

ಆ ಗೋಡೆಯ ಹತ್ತಿರ ತುಂಬಾ ಹುಷಾರಾಗಿರಬೇಕು, ಯಾಕೆಂದರೆ ಒಳಗಡೆ ಗೋಡೆಗೆಲ್ಲ ಹಳೇ ಪತ್ರಿಕೆ ಅಂಟಿಸಿದ್ದಾರೆ. ಸಂದಿಯಿಂದ ಗಾಳಿ ಬರದಿರಲಿ ಎಂದು ಆಗಿನವರು ಮಾಡುತ್ತಿದ್ದ ಉಪಾಯ ಅದು, ಹಿಟ್ಟು ನೀರು ಕಲಸಿದ ಅಂಟು ಸಾಕಾಗುತ್ತಿತ್ತು. ಅಮ್ಮ ನಮ್ಮ ನೋಟ್‌ಬುಕ್ಕಿಗೆ ಬೈಂಡು ಹಾಕಲು ಮೈದಾ ಕಾಯಿಸುತ್ತಿದ್ದಳಲ್ಲ, ಅದೇ ನೆನಪಾಯಿತು. ಚಳಿಯಲ್ಲಿ ಮಕ್ಕಳನ್ನು ಮಲಗಿಸಿ, ದೀಪ ಹಿಡಿದು ಈ ಗೋಡೆ ಓದಿದವರು ಯಾರಾದರೂ ಇದ್ದೇ ಇರುತ್ತಾರೆ. ಕೊಡತಿ ಹಾಕುವಾಗ ಒಬ್ಬರು ಒಳಗೆ ನಿಂತು ಕಾಗದ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡುತ್ತಲೇ ಇದ್ದರು. ಬಿಚ್ಚಲಿಲ್ಲ.

ಹೊರಡುವ ಮುಂಚೆ ಎಲ್ಲರೂ ಸೇರಿ ಗೋಡೆ ಸುತ್ತ ಒಣಹುಲ್ಲು ತೆಗೆದೆವು. 2020ರ ಜನವರಿಯ ಕಾಡ್ಗಿಚ್ಚಿನಲ್ಲಿ ಇದೇ ಪಾರ್ಕಿನ ಸಾಯರ್ಸ್ ಹಿಲ್ ಗುಡಿಸಲು ಪೂರ್ತಿ ಹೋಯಿತು, ಕಿಯಾಂಡ್ರಾದ ಹಳೇ ಕೋರ್ಟ್ ಕಟ್ಟಡವೂ ಸುಟ್ಟಿತು. ಕೂಲಮೈನ್ ಉಳಿಯಿತು. ಅದಕ್ಕೇ ಹುಲ್ಲು ಕೀಳುವ ಕೆಲಸವನ್ನು ಯಾರೂ ಸಣ್ಣದು ಎನ್ನುವುದಿಲ್ಲ.

ಪಕ್ಕದ ಎರಡು ಹಲಗೆಗಳ ಬುಡವೂ ಮೆತ್ತಗಿದೆ. ಇಲ್ಲಿಗೆ ಬರುವ ಲಾಂಗ್ ಪ್ಲೇನ್ ರಸ್ತೆಯನ್ನು ಚಳಿಗಾಲಕ್ಕೆಂದು ಜೂನ್‌ನಲ್ಲಿ ಮುಚ್ಚಿದರೆ ಮತ್ತೆ ತೆಗೆಯುವುದು ಅಕ್ಟೋಬರ್‌ಗೆ. ಮುಚ್ಚುವುದರೊಳಗೆ ಒಂದಾದರೂ ಆಗಬೇಕು, ಮರ ಸೀಳಿ ನೆರಳಿಗಿಟ್ಟು ಬಂದಿದ್ದೇವೆ.