ಮೊದಲೇ ಬರೆದಿಟ್ಟ ಕುಸ್ತಿಗೆ ಯಾಕಿಷ್ಟು ಸಿಟ್ಟು ಅಂದರೆ

"ಅದೆಲ್ಲಾ ಮೊದಲೇ ಬರೆದಿಟ್ಟಿರ್ತಾರಲ್ಲ, ಮತ್ತೆ ನಿಂಗ್ಯಾಕೆ ಸಿಟ್ಟು?"

ನಾನು ಡಬ್ಲ್ಯೂಡಬ್ಲ್ಯೂಇ, ಅಂದರೆ ಅಮೆರಿಕದ ಟಿವಿ ಕುಸ್ತಿ, ನೋಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತು ಕೇಳುತ್ತಾರೆ. ಕೇಳುವಾಗ ಮುಖದ ಮೇಲೊಂದು ನಗು ಇರುತ್ತದೆ. ಗುಟ್ಟು ರಟ್ಟು ಮಾಡಿದವರ ನಗು. ಪಾಪ, ಇವನಿಗೆ ಇಷ್ಟು ದಿನ ಗೊತ್ತೇ ಇರಲಿಲ್ಲ ಅನ್ನುವ ಹಾಗೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಗುಟ್ಟಿನ ವಿಷಯ ಮುಗಿಸೋಣ. ಅದು ಗುಟ್ಟೇ ಅಲ್ಲ. 1989ರಲ್ಲಿ ಇದೇ ಕಂಪನಿ, ಆಗಿನ್ನೂ ಡಬ್ಲ್ಯೂಡಬ್ಲ್ಯೂಎಫ್, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ತಾನಾಗಿಯೇ ಇದನ್ನು ಒಪ್ಪಿಕೊಂಡಿತ್ತು. ನಮ್ಮದು ಸ್ಪರ್ಧೆಯಲ್ಲ, ಮನರಂಜನೆ, ಹಾಗಾಗಿ ಕ್ರೀಡೆಗೆ ಇರುವ ಕಟ್ಟುಪಾಡು, ತೆರಿಗೆ ನಮಗೆ ಬೇಡ ಅನ್ನುವುದು ಅವರ ವಾದ. ನಾವು ಕುಸ್ತಿಪಟುಗಳ ಚಿತ್ರದ ಟ್ರಂಪ್ ಕಾರ್ಡ್ ಹಿಡಿದು ಎತ್ತರ, ತೂಕ, ಬೈಸೆಪ್ಸ್ ಅಂತ ಜಗಳ ಆಡುತ್ತಿದ್ದ ಕಾಲಕ್ಕೇ ಇದು ಹಳೇ ಸುದ್ದಿ. ದಯವಿಟ್ಟು ಇದನ್ನು ನನಗೆ ಹೊಸದಾಗಿ ಹೇಳಬೇಡಿ.

ಈಗ ಸಿಟ್ಟಿನ ವಿಷಯ. ಮೊದಲೇ ಬರೆದಿರುತ್ತಾರೆ, ಅದಕ್ಕೇ ನನಗೆ ಸಿಟ್ಟು. ಯಾರು ಯಾರ ಎದುರು ಇಳಿಯಬೇಕು, ಯಾರು ಗೆಲ್ಲಬೇಕು, ಎಷ್ಟು ಹೊತ್ತಿಗೆ, ಯಾವ ರೀತಿ, ಚಾಂಪಿಯನ್ ಬೆಲ್ಟ್ ಎಷ್ಟು ತಿಂಗಳು ಯಾರ ಹೆಗಲ ಮೇಲಿರಬೇಕು, ಇದನ್ನೆಲ್ಲ ತೀರ್ಮಾನ ಮಾಡುವುದಕ್ಕೆ ಬುಕಿಂಗ್ ಅನ್ನುತ್ತಾರೆ. ಇಲ್ಲಿ ಕಾಲು ಜಾರುವುದಿಲ್ಲ, ಅದೃಷ್ಟ ಕೈಕೊಡುವುದಿಲ್ಲ. ಒಂದು ಕೋಣೆಯಲ್ಲಿ ಕೆಲವರು ಕೂತು, ಕೈಯಲ್ಲಿ ನೂರು ದಾರಿ ಇದ್ದಾಗಲೂ, ಬೇಕು ಅಂತಲೇ ಒಂದನ್ನು ಆರಿಸಿರುತ್ತಾರೆ. ಆರಿಸಿದ್ದು ಕೆಟ್ಟದಾಗಿದ್ದರೆ ಬೈಸಿಕೊಳ್ಳಬೇಕಾದವರು ಅವರೇ. ಅಲ್ವಾ?

ನನ್ನ ಸಿಟ್ಟಿಗೆ ಒಂದು ಹೆಸರು ಕೊಡಿ ಅಂದರೆ, ಕೋಫಿ ಕಿಂಗ್‌ಸ್ಟನ್.

ಕೋಫಿ ಹುಟ್ಟಿದ್ದು ಘಾನಾದಲ್ಲಿ. 2008ರಲ್ಲಿ ಟಿವಿಗೆ ಬಂದಾಗ ಕಂಪನಿ ಅವನನ್ನು ಜಮೈಕಾದವನು ಅಂತ ತೋರಿಸಿತು. ಆಮೇಲೆ ಅದನ್ನು ಸುಮ್ನೆ ಕೈಬಿಟ್ಟಿತು. ಹನ್ನೊಂದು ವರ್ಷ ಅವನು ಮಧ್ಯದ ಮೆಟ್ಟಿಲಲ್ಲೇ ನಿಂತ. ಇಂಟರ್‌ಕಾಂಟಿನೆಂಟಲ್ ಬೆಲ್ಟ್, ಯುಎಸ್ ಬೆಲ್ಟ್, ಟ್ಯಾಗ್ ಬೆಲ್ಟ್ ಎಲ್ಲ ಬಂತು, ಎಲ್ಲಕ್ಕಿಂತ ದೊಡ್ಡದಾದ ಡಬ್ಲ್ಯೂಡಬ್ಲ್ಯೂಇ ಚಾಂಪಿಯನ್ ಬೆಲ್ಟ್ ಮಾತ್ರ ಬರಲಿಲ್ಲ. ರಾಯಲ್ ರಂಬಲ್ ಅಂದರೆ ಒಬ್ಬೊಬ್ಬರಾಗಿ ಮೂವತ್ತು ಜನ ಇಳಿಯುವ ಪಂದ್ಯ. ಹಗ್ಗದ ಮೇಲಿಂದ ಬಿದ್ದು ಎರಡೂ ಕಾಲು ನೆಲ ಮುಟ್ಟಿದರೆ ಔಟ್. 2012ರಲ್ಲಿ ಕೋಫಿ ಹಾಗೆ ಹೊರಗೆ ಬಿದ್ದವನು ಕಾಲು ಊರಲೇ ಇಲ್ಲ. ತಲೆಕೆಳಗಾಗಿ, ಅಂಗೈ ಮೇಲೆ ನಡೆದು, ಕಬ್ಬಿಣದ ಮೆಟ್ಟಿಲಿಗೆ ಕಾಲು ಕೊಟ್ಟು ಮತ್ತೆ ಒಳಗೆ ಬಂದ. ವರ್ಷಕ್ಕೊಮ್ಮೆ ಇಂಥದ್ದೊಂದು ಮಾಡಿಸಿ ಚಪ್ಪಾಳೆ ಹೊಡೆಸುವುದು, ಉಳಿದ ದಿನ ಸೋಲಿಸುವುದು. ಇಷ್ಟೇ ಅವನ ಪಾಲು.

2019ರ ಫೆಬ್ರವರಿಯಲ್ಲಿ ಮುಸ್ತಫಾ ಅಲಿ ಅನ್ನುವ ಇನ್ನೊಬ್ಬ ಕುಸ್ತಿಪಟುಗೆ ಪೆಟ್ಟಾಯಿತು. ಅವನ ಜಾಗಕ್ಕೆ ಕೋಫಿಯನ್ನು ಹಾಕಿದರು. ಒಬ್ಬನಾದ ಮೇಲೆ ಒಬ್ಬ ಬರುವ ಗಾಂಟ್ಲೆಟ್ ಪಂದ್ಯದಲ್ಲಿ ಅವನು ಒಂದು ಗಂಟೆಗೂ ಜಾಸ್ತಿ ಆಡಿದ. ಡೇನಿಯಲ್ ಬ್ರಯಾನ್, ಜೆಫ್ ಹಾರ್ಡಿ, ಸಮೋವಾ ಜೋ ಮೂವರನ್ನೂ ಸೋಲಿಸಿ ಕೊನೆಗೆ ಎಜೆ ಸ್ಟೈಲ್ಸ್ ಕೈಯಲ್ಲಿ ಬಿದ್ದ. ಅವತ್ತು ಜನ ಎದ್ದು ನಿಂತರು. ಮಾರ್ಚ್‌ನಲ್ಲಿ ಕಂಪನಿಯ ಆಗಿನ ಯಜಮಾನ ವಿನ್ಸ್ ಮೆಕ್‌ಮಹನ್ ಅವನಿಗೆ ಇನ್ನೊಂದು ಗಾಂಟ್ಲೆಟ್ ಇಟ್ಟರು. ಐದು ಜನರನ್ನು ಗೆದ್ದು ಉಸಿರು ಬಿಡುವಷ್ಟರಲ್ಲಿ ಇನ್ನೂ ಒಬ್ಬ ಇದ್ದಾನೆ ಅಂದರು. ಆ ಒಬ್ಬ ಬ್ರಯಾನ್. ಕೋಫಿ ಸೋತ. ಮರುವಾರ ಅವನ ಗೆಳೆಯರು ಬಿಗ್ ಇ ಮತ್ತು ಝೇವಿಯರ್ ವುಡ್ಸ್ ಇಬ್ಬರೇ ಆಡಿ ಅವನಿಗೆ ಚಾಂಪಿಯನ್ ಪಂದ್ಯದ ಅವಕಾಶ ಗೆದ್ದುಕೊಟ್ಟರು. ಈ ಮೂವರ ಗುಂಪೇ ನ್ಯೂ ಡೇ.

ಏಪ್ರಿಲ್ 7, ಕಂಪನಿಯ ವರ್ಷದ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾ 35. ಚಾಂಪಿಯನ್ ಬ್ರಯಾನ್ ಆಗ ಪರಿಸರವಾದಿ ವಿಲನ್. ಚರ್ಮ ಬೇಡ ಅಂತ ಸೆಣಬಿನ ಬೆಲ್ಟ್ ಮಾಡಿಸಿಕೊಂಡಿದ್ದ. ಕೋಫಿ ಅವನನ್ನು ರಿಂಗ್ ಮಧ್ಯದಲ್ಲೇ ಪಿನ್ ಮಾಡಿದ, ಅಂದರೆ ಮೂರು ಎಣಿಸುವವರೆಗೆ ಹೆಗಲು ನೆಲಕ್ಕೆ ಒತ್ತಿ ಹಿಡಿದ. ಗೆಳೆಯರು ಹಳೇ ಚರ್ಮದ ಬೆಲ್ಟ್ ತಂದು ಅವನಿಗೆ ಕೊಟ್ಟರು. ಅವನ ಇಬ್ಬರು ಪುಟ್ಟ ಗಂಡುಮಕ್ಕಳು ರಿಂಗಿಗೆ ಬಂದರು. ಆಫ್ರಿಕಾದಲ್ಲಿ ಹುಟ್ಟಿದ ಮೊದಲ ಡಬ್ಲ್ಯೂಡಬ್ಲ್ಯೂಇ ಚಾಂಪಿಯನ್. ಇದನ್ನೂ ಮೊದಲೇ ಬರೆದಿದ್ದರು. ಬರೆದದ್ದು ಅಂತ ಗೊತ್ತಿದ್ದೇ ನಾನು ಅತ್ತೆ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಆರು ತಿಂಗಳು ಬೆಲ್ಟ್ ಅವನ ಹತ್ತಿರ ಇತ್ತು. ಅಕ್ಟೋಬರ್ 4ಕ್ಕೆ ಸ್ಮ್ಯಾಕ್‌ಡೌನ್ ಅನ್ನುವ ವಾರದ ಕಾರ್ಯಕ್ರಮ ಹೊಸ ಚಾನೆಲ್‌ಗೆ, ಅಂದರೆ ಫಾಕ್ಸ್‌ಗೆ ಹೋಯಿತು. ಮೊದಲ ದಿನವೇ ಬ್ರಾಕ್ ಲೆಸ್ನರ್ ಎದುರು ಪಂದ್ಯ. ನಮ್ಮಲ್ಲಿ ಅದು ಶನಿವಾರ ಬೆಳಿಗ್ಗೆ. ನವರಾತ್ರಿ, ಮನೆ ತುಂಬ ನೆಂಟರು. ನಾನು ಐದೂವರೆಗೇ ಟಿವಿ ಮುಂದೆ ಕೂತಿದ್ದೆ. ಈ ಪಂದ್ಯ ಕಾರ್ಯಕ್ರಮದ ಕೊನೆಗೆ ಬಂತು. ಗಂಟೆ ಬಾರಿಸಿತು. ಕೋಫಿ ಓಡಿ ಹಾರಿದ. ಲೆಸ್ನರ್ ಗಾಳಿಯಲ್ಲೇ ಹಿಡಿದು ಹೆಗಲ ಮೇಲೆ ಹಾಕಿಕೊಂಡು ತನ್ನ ಪಟ್ಟು, ಒಂದು ಎಫ್-5 ಕೊಟ್ಟ. ಒಂದು, ಎರಡು, ಮೂರು. ಹತ್ತು ಸೆಕೆಂಡ್ ಕೂಡ ಆಗಲಿಲ್ಲ. ಆಮೇಲೆ ರೇ ಮಿಸ್ಟೀರಿಯೋ ಜೊತೆ, ಹಿಂದೆ ಯುಎಫ್‌ಸಿಯ ನಿಜವಾದ ಕಾಳಗದಲ್ಲಿ ಲೆಸ್ನರ್‌ನನ್ನು ಸೋಲಿಸಿದ್ದ ಕೇನ್ ವೆಲಾಸ್ಕೆಜ್ ಬಂದ, ಲೆಸ್ನರ್ ಮುಖ ಬಿಳಿಚಿಕೊಂಡಿತು, ಕ್ಯಾಮೆರಾ ಎಲ್ಲ ಅತ್ತ ತಿರುಗಿತು. ಕೋಫಿಯನ್ನು ಕೇಳುವವರೇ ಇರಲಿಲ್ಲ.

ನನ್ನ ಮುಖ ನೋಡಿ ಮಾವ ಕೇಳಿದರು, "ಏನೋ ಇದು, ಯಾರಾದ್ರೂ ಹೋಗ್ಬಿಟ್ರೇನೋ?"

"ಅವನ ಕುಸ್ತಿಯವನು ಸೋತನಂತೆ," ಅಂದಳು ತಂಗಿ.

"ಅಯ್ಯೋ, ಅದು ಮೊದಲೇ ಬರೆದಿಟ್ಟಿರ್ತಾರಲ್ಲೋ. ಅದಕ್ಯಾರಾದ್ರೂ ಸಿಟ್ಟು ಮಾಡ್ಕೊಳ್ತಾರಾ?"

ಮನೆಯವರೆಲ್ಲ ನಕ್ಕರು. ಮಾವ ಯಕ್ಷಗಾನದ ಹುಚ್ಚಿನವರು. ಊರಿಂದೂರಿಗೆ ಹೋಗಿ ನೋಡಿದವರು. ನಾನು ಕೇಳಿದೆ, "ಮಾವ, ಗದಾಯುದ್ಧದಲ್ಲಿ ಕೌರವ ಸಾಯ್ತಾನೆ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನು?"

"ಮತ್ತೆ ಬೆಳಗಾಗೋವರೆಗೂ ಯಾಕೆ ಕೂತಿರ್ತೀರಿ? ಕೌರವ ಸರೋವರದಿಂದ ಮೇಲೆ ಬಂದ. ಒಂದು ಪದ ಇಲ್ಲ, ಒಂದು ಮಾತಿಲ್ಲ. ಭೀಮ ಒಂದೇ ಏಟು ಹಾಕಿದ, ಕೌರವ ಬಿದ್ದ, ಭಾಗವತರು ಮಂಗಳ ಹಾಡಿದ್ರು. ಏನ್ಮಾಡ್ತೀರಿ?"

ಮಾವ ಒಂದು ಕ್ಷಣವೂ ಯೋಚಿಸಲಿಲ್ಲ. "ಚೌಕಿಗೇ ನುಗ್ಗಿ ಕೇಳ್ತೀನಿ. ದುಡ್ಡು ತಗೊಂಡು ಆಟ ಹೀಗಾ ಕಟ್ಟೋದು ಅಂತ."

ನಾನು ಅವತ್ತಿಂದ ಕೇಳುತ್ತಿರುವುದೂ ಅಷ್ಟನ್ನೇ. ಕೋಫಿ ಸೋತದ್ದಕ್ಕೆ ನನ್ನ ತಕರಾರಿಲ್ಲ. ಬೆಲ್ಟ್ ಯಾರ ಹತ್ತಿರವೂ ಉಳಿಯುವುದಿಲ್ಲ. ಹನ್ನೊಂದು ವರ್ಷ ಕಾಯಿಸಿ ಕಟ್ಟಿದ ಒಬ್ಬ ಮನುಷ್ಯನನ್ನು ಹತ್ತು ಸೆಕೆಂಡಿನಲ್ಲಿ ಕೆಡವಿ, ಬೇರೊಬ್ಬರ ಕಥೆ ಶುರು ಮಾಡಲು ಬಳಸಿಕೊಂಡದ್ದಕ್ಕೆ ತಕರಾರು. ಬ್ರಯಾನ್ ಸೋತ ರೀತಿ ನೆನಪಿಸಿಕೊಳ್ಳಿ. ಏಟು ತಿಂದು, ತಿರುಗಿಸಿ ಕೊಟ್ಟು, ಗೆಲ್ಲಬಹುದು ಅಂತ ನಮ್ಮನ್ನು ಹೆದರಿಸಿ, ಕೊನೆಗೆ ನ್ಯಾಯವಾಗಿ ಸೋತ. ಅವನು ಹಾಗೆ ಸೋತದ್ದರಿಂದಲೇ ಕೋಫಿ ದೊಡ್ಡವನಾದ. ಅಕ್ಟೋಬರ್‌ನಲ್ಲಿ ಕೋಫಿಗೆ ಆ ಮರ್ಯಾದೆ ಸಿಗಲಿಲ್ಲ. ಲೆಸ್ನರ್‌ಗೂ ಅದರಿಂದ ಏನೂ ಬರಲಿಲ್ಲ. 2014ರಲ್ಲಿ ರೆಸಲ್‌ಮೇನಿಯಾದಲ್ಲಿ ಅಂಡರ್‌ಟೇಕರ್‌ನ ಸೋಲಿಲ್ಲದ ಓಟವನ್ನೇ ನಿಲ್ಲಿಸಿದವನು. ಅವನು ಬಲಶಾಲಿ ಅಂತ ತೋರಿಸಲು ಇನ್ನೊಬ್ಬ ಯಾಕೆ ಬೇಕಿತ್ತು?

"ನಿಮ್ಮ ಸಿಟ್ಟು ಯಾರು ಕೇಳ್ತಾರೆ" ಅನ್ನುವವರೂ ಇದ್ದಾರೆ. ಕೇಳುತ್ತಾರೆ. ಇನ್ನೊಬ್ಬ ಕುಸ್ತಿಪಟು ಕೋಡಿ ರೋಡ್ಸ್. ಅವನ ತಂದೆ ಡಸ್ಟಿ ರೋಡ್ಸ್ 1977ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸೂಪರ್‌ಸ್ಟಾರ್ ಬಿಲ್ಲಿ ಗ್ರಹಾಂ ವಿರುದ್ಧ ಗೆದ್ದರೂ, ಅದು ಎದುರಾಳಿ ರಿಂಗಿನ ಹೊರಗೇ ಉಳಿದದ್ದಕ್ಕೆ ಬಂದ ಕೌಂಟ್‌ಔಟ್ ಗೆಲುವಾದ್ದರಿಂದ ಬೆಲ್ಟ್ ಸಿಗಲಿಲ್ಲ. ಅದನ್ನು ಮನೆಗೆ ತರುತ್ತೇನೆ ಅನ್ನುವುದೇ ಕೋಡಿಯ ಕಥೆ. 2024ರ ಫೆಬ್ರವರಿ 2ರಂದು, ರೆಸಲ್‌ಮೇನಿಯಾದಲ್ಲಿ ಚಾಂಪಿಯನ್ ಎದುರು ಕೋಡಿ ನಿಲ್ಲಬೇಕಿದ್ದ ಜಾಗಕ್ಕೆ ದಿ ರಾಕ್‌ನನ್ನು ತಂದು ನಿಲ್ಲಿಸಿದರು. ಜನ ಒಪ್ಪಲಿಲ್ಲ. ಊರೂರಲ್ಲಿ ಕೋಡಿ ಬೇಕು ಅಂತ ಕೂಗಿದರು. ಒಂದು ವಾರ ತುಂಬುವುದರೊಳಗೆ ಲಾಸ್ ವೇಗಸ್‌ನಲ್ಲಿ ಕಥೆ ತಿರುಗಿತು. ಏಪ್ರಿಲ್ 7ಕ್ಕೆ ಫಿಲಡೆಲ್ಫಿಯಾದಲ್ಲಿ ಕೋಡಿ, 1,316 ದಿನ ಚಾಂಪಿಯನ್ ಆಗಿದ್ದ ರೋಮನ್ ರೇನ್ಸ್‌ನನ್ನು ಸೋಲಿಸಿದ. ಜನ ಸುಮ್ಮನಿದ್ದಿದ್ದರೆ ಆ ಸಂಜೆ ಇರುತ್ತಿರಲಿಲ್ಲ.

ಇನ್ನು ಕೆಲವರು ಜಿಂದರ್ ಮಹಲ್ ಹೆಸರು ಎತ್ತುತ್ತಾರೆ. "2017ರಲ್ಲಿ ನಮ್ಮವನೇ ಚಾಂಪಿಯನ್ ಆದ್ನಲ್ಲ, ಆಗಲೂ ಬೈದೆಯಲ್ಲ?" ಹೌದು, ಬೈದೆ. ಏಪ್ರಿಲ್‌ವರೆಗೂ ಎಲ್ಲರ ಕೈಯಲ್ಲಿ ಸೋಲುತ್ತಿದ್ದ, ಭಾರತೀಯ ಮೂಲದ ಕೆನಡಾದ ಹುಡುಗನನ್ನು ಮೇ ತಿಂಗಳಲ್ಲಿ ಚಾಂಪಿಯನ್ ಮಾಡಿದರು. ಮಧ್ಯದಲ್ಲಿ ಕಥೆ ಎಲ್ಲಿದೆ? ಪದೇ ಪದೇ ಅವನ ಜೊತೆಗಾರರು ಸಿಂಗ್ ಬ್ರದರ್ಸ್ ಅಡ್ಡ ಬಂದು ಗೆಲ್ಲಿಸಿದರು. ನವೆಂಬರ್‌ನಲ್ಲಿ ಬೆಲ್ಟ್ ಕಿತ್ತುಕೊಂಡರು. ಡಿಸೆಂಬರ್‌ನಲ್ಲಿ ದೆಹಲಿಗೆ ಕರೆತಂದು, ನಮ್ಮ ಜನರ ಮುಂದೆಯೇ ಟ್ರಿಪಲ್ ಎಚ್ ಕೈಯಲ್ಲಿ ಸೋಲಿಸಿ, ಆಮೇಲೆ ಭಾಂಗ್ರಾ ಕುಣಿಸಿದರು. ಅದಕ್ಕೆ ನಾನು ಖುಷಿ ಪಡಬೇಕಿತ್ತಾ? ಜಿಂದರ್ ಮೈ ಹುರಿಗೊಳಿಸಿಕೊಂಡು ಬಂದಿದ್ದ, ಶ್ರಮ ಪಟ್ಟಿದ್ದ. ಅವನಿಗೂ ಒಂದು ಒಳ್ಳೆಯ ಕಥೆ ಸಿಗಬೇಕಿತ್ತು.

ಇಷ್ಟು ವರ್ಷದಲ್ಲಿ ಒಬ್ಬರಾದರೂ ನನ್ನನ್ನು ಕೇಳಲಿ ಅಂತ ಕಾದಿರುವ ಪ್ರಶ್ನೆ ಬೇರೆ ಇದೆ. "ನೀನಾಗಿದ್ದರೆ ಹೇಗೆ ಬರೀತಿದ್ದೆ?" ಮಾವ ಕೂಡ ಕೇಳಲಿಲ್ಲ. ಚೌಕಿಯ ಮಾತು ಬಂದದ್ದೇ ತಡ, ಅವರು ಹಳೇ ಮೇಳಗಳ ಕಥೆ ಶುರು ಮಾಡಿದರು.

ಯಾರೂ ಕೇಳದಿದ್ದರೂ ಹೇಳುತ್ತೇನೆ. ನನ್ನ ಕಥೆಯಲ್ಲೂ ಅಕ್ಟೋಬರ್ 4ಕ್ಕೆ ಕೋಫಿ ಸೋಲುತ್ತಾನೆ. ಆದರೆ ಹನ್ನೆರಡು ನಿಮಿಷ ಆಡಿ ಸೋಲುತ್ತಾನೆ. ಒಮ್ಮೆಯಾದರೂ ಅವನ ಒದೆ ಲೆಸ್ನರ್ ತಲೆಗೆ ಬೀಳುತ್ತದೆ, ಲೆಸ್ನರ್ ಒಂದು ಮಂಡಿ ಊರುತ್ತಾನೆ, ಜನ ಕುರ್ಚಿಯಿಂದ ಏಳುತ್ತಾರೆ. ಆಮೇಲೆ ಎಫ್-5.

ನಿಜವಾಗಿ ಆದದ್ದೇನು? ಮುಂದಿನ ವಾರಗಳಲ್ಲಿ ಕೋಫಿ ಗೆಳೆಯರ ಜೊತೆ ಅದೇ ನಗು, ಅದೇ ಕುಣಿತಕ್ಕೆ ವಾಪಸ್ ಬಂದ. ಲೆಸ್ನರ್ ಜೊತೆ ಮರುಪಂದ್ಯ ಇಲ್ಲ. ಲೆಸ್ನರ್ ಬೆಲ್ಟ್ ತಗೊಂಡು ಕಂಪನಿಯ ಇನ್ನೊಂದು ವಾರದ ಕಾರ್ಯಕ್ರಮ ರಾ ಕಡೆ ಹೋದ. 2022ರ ಜನವರಿ 1ರಂದು ಅದೇ ಗುಂಪಿನ ಬಿಗ್ ಇ ಬೆಲ್ಟ್ ಕಳೆದುಕೊಂಡದ್ದೂ ಅದೇ ಲೆಸ್ನರ್ ಕೈಯಲ್ಲಿ. ಕೋಫಿಯ ಮುಖದ ನಗು ಹೋಗಲು 2024ರ ಡಿಸೆಂಬರ್ ಬರಬೇಕಾಯಿತು. ಆಗ ಅವನು, ವುಡ್ಸ್ ಇಬ್ಬರೂ ಸೇರಿ ಸಿಟ್ಟು ತೀರಿಸಿಕೊಂಡದ್ದು ಯಾರ ಮೇಲೆ? ಕುತ್ತಿಗೆ ಮುರಿದುಕೊಂಡು ಕುಸ್ತಿಯಿಂದ ದೂರ ಇದ್ದ ಬಿಗ್ ಇ ಮೇಲೆ. ಕೋಫಿ ಅದನ್ನು ಚೆನ್ನಾಗಿ ಮಾಡಿದ, ನೋಡುವಾಗ ಮೈ ಉರಿಯಿತು. ಆದರೆ ಆ ಕಹಿ ಐದು ವರ್ಷ ತಡವಾಗಿ ಬಂತು, ತಪ್ಪು ಮನುಷ್ಯನ ಮೇಲೆ ಬಿತ್ತು.

ನಾನಾದರೆ ನಗುವನ್ನು ಅಕ್ಟೋಬರ್‌ನಲ್ಲೇ ನಿಲ್ಲಿಸುತ್ತಿದ್ದೆ. ಗೆಳೆಯರು ಕುಣಿಯುತ್ತಾ ಬರಲಿ, ಕೋಫಿ ಹಿಂದೆ ಸುಮ್ಮನೆ ನಡೆದು ಬರಲಿ. ವಾರ ವಾರವೂ ಗೆಲ್ಲಲಿ, ಗೆದ್ದ ಮೇಲೆ ಕೈ ಎತ್ತದೆ ಹೋಗಲಿ. ರಾ, ಸ್ಮ್ಯಾಕ್‌ಡೌನ್ ಎರಡೂ ಕಡೆಯವರು ಒಟ್ಟಿಗೆ ಸಿಗುವುದು ರಾಯಲ್ ರಂಬಲ್‌ನಲ್ಲಿ. 2020ರ ಜನವರಿ 26ರ ರಂಬಲ್‌ನಲ್ಲಿ ಲೆಸ್ನರ್ ಮೊದಲನೆಯವನಾಗಿ ಇಳಿದು ಹದಿಮೂರು ಜನರನ್ನು ಹೊರಗೆ ಎಸೆದ. ಕೋಫಿಯೂ ಅವರಲ್ಲೊಬ್ಬ. ಕೊನೆಗೆ ರಿಕೊಶೆ ಹಿಂದಿನಿಂದ ಕಾಲ ನಡುವೆ ಹೊಡೆದ, ಡ್ರೂ ಮೆಕ್‌ಇಂಟೈರ್ ಒದ್ದು ಲೆಸ್ನರ್‌ನನ್ನು ಹೊರಗೆ ಕೆಡವಿದ. ರಂಬಲ್ ಗೆದ್ದವನೂ ಮೆಕ್‌ಇಂಟೈರ್. ತುಂಬಾ ಒಳ್ಳೆಯ ಬುಕಿಂಗ್ ಅದು, ಒಂದು ವಿಷಯ ಬಿಟ್ಟರೆ. ರಿಕೊಶೆ ನಿಂತ ಜಾಗದಲ್ಲಿ ಕೋಫಿ ನಿಲ್ಲಬೇಕಿತ್ತು. ಬೆಲ್ಟ್ ಅವನಿಗೆ ವಾಪಸ್ ಬರುವುದು ಬೇಡ. ಮೆಕ್‌ಇಂಟೈರೇ ಗೆಲ್ಲಲಿ. ಹೊರಗೆ ಬಿದ್ದ ಲೆಸ್ನರ್ ತಲೆ ಎತ್ತಿ ನೋಡಿದಾಗ ರಿಂಗಿನಲ್ಲಿ ಕೋಫಿ ಕಾಣಿಸಬೇಕಿತ್ತು. ಆಗ ಏಪ್ರಿಲ್‌ನಲ್ಲಿ ಮೆಕ್‌ಇಂಟೈರ್ ಲೆಸ್ನರ್‌ನನ್ನು ಸೋಲಿಸಿ ಬೆಲ್ಟ್ ಗೆದ್ದದ್ದರಲ್ಲಿ ಕೋಫಿಗೂ ಒಂದು ಪಾಲು ಸಿಗುತ್ತಿತ್ತು.