ವಾಷರ್ ನೀರು ನಿಂತ ಮಟ್ಟ

ಬಳ್ಳಾರಿಯಲ್ಲಿ ಕಾರಿನ ಮುಂದಿನ ಗಾಜು ತೊಳೆಯುವ ನೀರು ಮಳೆಗಾಲಕ್ಕಿಂತ ಬೇಸಿಗೆಯಲ್ಲೇ ಹೆಚ್ಚು ಬೇಕಾಗುತ್ತದೆ. ತೋರಣಗಲ್ಲು, ಸಂಡೂರು ಕಡೆಯ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಅರ್ಧ ತಾಸು ಓಡಿದರೆ ಸಾಕು, ಗಾಜಿನ ಮೇಲೆ ಕೆಂಪು ಧೂಳು ಪದರಾಗಿ ಕೂಡುತ್ತದೆ. ನೀರಿಲ್ಲದೆ ವೈಪರ್ ಹಾಕಿದರೆ ಆ ಧೂಳು ರಬ್ಬರಿನ ಅಡಿಯಲ್ಲಿ ಸಿಕ್ಕಿ ಗಾಜಿನ ಮೇಲೆ ಗೀರು ಎಳೆಯುತ್ತದೆ. ಸಂಜೆ ಎದುರಿನ ವಾಹನದ ಬೆಳಕು ಬಿದ್ದಾಗ ಆ ಗೀರುಗಳೆಲ್ಲ ಒಟ್ಟಿಗೆ ಹೊಳೆದು ರಸ್ತೆಯೇ ಕಾಣದಂತಾಗುತ್ತದೆ. ಆದ್ದರಿಂದ ವಾಷರ್ ನೀರು ಸೋರುತ್ತದೆ ಎಂದು ಯಾರಾದರೂ ಗ್ಯಾರೇಜಿಗೆ ಬಂದರೆ ನಾನು ಅದನ್ನು ಸಣ್ಣ ಕೆಲಸವೆಂದು ಬದಿಗಿಡುವುದಿಲ್ಲ. ಆದರೂ ಕಳೆದ ಬೇಸಿಗೆಯಲ್ಲಿ ಒಂದು ಕಾರನ್ನು ಅರ್ಧ ಮಾತ್ರ ಸರಿಮಾಡಿ ಕಳಿಸಿದ್ದೆ. ಉಳಿದರ್ಧ ಎಲ್ಲಿತ್ತು ಎಂಬುದನ್ನು ಹುಡುಕಿದ ಬಗೆ ನಮ್ಮ ಕೆಲಸದಲ್ಲಿರುವ ಬೇರೆಯವರಿಗೂ ಉಪಯೋಗವಾಗಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಕಾರು ಸಿರುಗುಪ್ಪ ರಸ್ತೆಯ ಕಡೆ ಮನೆಯಿರುವ ಒಬ್ಬ ನಿವೃತ್ತ ಮಾಸ್ತರರದು. ಹಿಂದಿನ ಗಾಜಿಗೂ ವೈಪರ್ ಇರುವ, ಏಳೆಂಟು ವರ್ಷ ಓಡಿದ ಸಣ್ಣ ಕಾರು. ‘ತಮ್ಮಾ, ಮುಂಜಾನೆ ತುಂಬಿಸಿದ ನೀರು ಸಂಜಿಗೆ ಇರಂಗಿಲ್ಲ. ದಿನಾ ಎರಡು ಬಾಟಲಿ ಹಿಡೀತದ’ ಎಂದರು. ಅವರ ಬಾಟಲಿ ಒಂದು ಲೀಟರಿನದು. ಈ ಕಾರಿನ ವಾಷರ್ ಬಾಟಲ್ ಹಿಡಿಸುವುದೇ ಸುಮಾರು ಎರಡು ಲೀಟರ್. ಅಂದರೆ ಅದು ಪೂರ್ತಿ ಖಾಲಿಯಾಗುತ್ತಿತ್ತು.

ಎಡ ಮುಂಚಕ್ರವನ್ನು ಬಿಚ್ಚಿ ಅದರ ಮೇಲಿನ ಕೆಸರು ತಡೆಯುವ ಪ್ಲಾಸ್ಟಿಕ್ ಹೊದಿಕೆಯನ್ನು, ಅಂದರೆ ಲೈನರ್ ಅನ್ನು, ಸರಿಸಿದಾಗ ಬಿಳಿ ಬಾಟಲ್ ಕಾಣಿಸಿತು. ಅದರ ತಳದ ಹತ್ತಿರ ಎರಡು ಚಿಕ್ಕ ಮೋಟಾರ್‌ಗಳು, ಒಂದು ಮುಂದಿನ ಗಾಜಿಗೆ, ಇನ್ನೊಂದು ಹಿಂದಿನ ಗಾಜಿಗೆ, ತಲಾ ಒಂದೊಂದು ರಬ್ಬರ್ ಬುಷ್‌ನಲ್ಲಿ ಒತ್ತಿ ಕೂತಿದ್ದವು. ಮುಂದಿನ ಮೋಟಾರಿನ ಬುಷ್ ಅಂಚಿನಲ್ಲಿ ಹನಿಯೊಂದು ತೂಗುತ್ತಿತ್ತು. ನಲವತ್ತು ಡಿಗ್ರಿ ಬಿಸಿಲಿನಲ್ಲಿ ವರ್ಷಗಟ್ಟಲೆ ಕಾದ ರಬ್ಬರ್ ಕಲ್ಲಿನಂತಾಗಿ, ಉಗುರು ಒತ್ತಿದರೂ ತಗ್ಗದ ಸ್ಥಿತಿಯಲ್ಲಿತ್ತು. ಎರಡೂ ಬುಷ್ ತೆಗೆದು ಹೊಸವನ್ನು ಹಾಕಿ, ನೀರು ತುಂಬಿ, ಮುಂದಿನ ಗಾಜಿನ ವಾಷರ್ ನಾಲ್ಕು ಸಲ ಒತ್ತಿ ನೋಡಿದೆ. ಕೆಳಗೆ ಒಂದು ಹನಿಯೂ ಬೀಳಲಿಲ್ಲ. ಒಂದು ತಾಸಿನೊಳಗೆ ಕಾರು ಕೊಟ್ಟು ಕಳಿಸಿದೆ.

ನಾಲ್ಕನೆಯ ದಿನ ಮಾಸ್ತರರು ಮತ್ತೆ ಬಂದರು. ಸಿಟ್ಟು ಮಾಡಲಿಲ್ಲ. ‘ಮೊದಲು ಎರಡು ಬಾಟಲಿ ಹಿಡೀತಿತ್ತು, ಈಗ ಒಂದೇ ಬಾಟಲಿ ಹಿಡೀತದ ನೋಡಪಾ. ಅರ್ಧ ರಿಪೇರಿ ಆಗೇದ ಅನಸ್ತದ’ ಎಂದರು. ಅವರ ಮಾತು ಅಕ್ಷರಶಃ ಸರಿಯಾಗಿತ್ತು, ಮತ್ತು ಹುಡುಕಬೇಕಾದ ಜಾಗದ ಗುರುತೂ ಆ ಮಾತಿನಲ್ಲೇ ಇತ್ತು.

ವಾಷರ್ ಮೋಟಾರಿನೊಳಗೆ ಇರುವುದು ಗಿರಗಿರ ತಿರುಗುವ ಪುಟ್ಟ ರೆಕ್ಕೆಯ ಪಂಪ್. ಅದು ನಿಂತಾಗ ನೀರನ್ನು ತಡೆದು ಹಿಡಿಯುವುದಿಲ್ಲ. ಬಾಟಲಿನ ನೀರು ಅದರೊಳಗಿಂದಲೇ ಪೈಪಿಗೆ ಸಲೀಸಾಗಿ ಹರಿಯಬಲ್ಲದು. ಹೀಗಾಗಿ ಪೈಪ್ ಎಲ್ಲಿಯೇ ಒಡೆದಿರಲಿ, ಆ ಜಾಗ ಬಾಟಲಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಯಾರೂ ಬಟನ್ ಒತ್ತದಿದ್ದರೂ ನೀರು ಹೋಗುತ್ತಲೇ ಇರುತ್ತದೆ. ನಡುವೆ ಪೈಪ್ ಎತ್ತರಕ್ಕೆ ಏರಿ ಇಳಿದಿದ್ದರೂ, ಒಮ್ಮೆ ಅದರ ತುಂಬ ನೀರು ನಿಂತಿತೆಂದರೆ, ಡ್ರಮ್ಮಿನಿಂದ ಪೈಪ್ ಹಚ್ಚಿ ಡೀಸೆಲ್ ಎಳೆದಂತೆ ಅದು ಇಳಿಯುತ್ತದೆ. ಬಾಟಲಿನ ಮಟ್ಟ ಒಡಕಿನ ಎತ್ತರಕ್ಕೆ ಬಂದು ಮುಟ್ಟಿದಾಗ ಮಾತ್ರ ಹರಿವು ನಿಲ್ಲುತ್ತದೆ. ಆದ್ದರಿಂದ ನೀರು ಪೂರ್ತಿ ಖಾಲಿಯಾಗುತ್ತಿದ್ದರೆ ತಳದಲ್ಲಿ, ಅಂದರೆ ಬುಷ್, ಮೋಟಾರ್ ಅಥವಾ ಬಾಟಲಿನ ಅಡಿಯಲ್ಲಿ ನೋಡಬೇಕು. ಅರ್ಧಕ್ಕೆ ನಿಲ್ಲುತ್ತಿದ್ದರೆ ಒಡಕು ಆ ಅರ್ಧದ ಎತ್ತರದಲ್ಲೇ ಎಲ್ಲೋ ಇದೆ. ವಾಷರ್ ಒತ್ತಿದಾಗ ಮಾತ್ರ ಸೋರಿದರೆ ತೊಂದರೆ ನೀರಿನ ಮಟ್ಟಕ್ಕಿಂತ ಮೇಲೆ, ಬಾನೆಟ್ಟಿನ ಕೀಲಿನ ಹತ್ತಿರ ಪೈಪ್ ಮಡಚಿ ಸವೆಯುವಲ್ಲಿ ಅಥವಾ ನೀರು ಚಿಮ್ಮುವ ನಾಝಲ್ ಬುಡದಲ್ಲಿ ಇರುತ್ತದೆ. ಮಾಸ್ತರರ ಕಾರಿನಲ್ಲಿ ಮೊದಲಿನಿಂದಲೂ ಎರಡು ಸೋರಿಕೆ ಇದ್ದವು. ತಳದ್ದು ನಿಂತ ಮೇಲೆ ನಡುವಿನದು ಎದ್ದು ಕಂಡಿತು.

ಹಾಗಾದರೆ ಮೊದಲ ದಿನ ನನ್ನ ಪರೀಕ್ಷೆಯಲ್ಲಿ ಅದೇಕೆ ಸಿಗಲಿಲ್ಲ ಎಂದು ಯೋಚಿಸಿದೆ. ಬುಷ್ ತೆಗೆಯುವಾಗ ಬಾಟಲ್ ಖಾಲಿಯಾಗಿ, ಹಿಂದಿನ ಗಾಜಿಗೆ ಹೋಗುವ ಪೈಪಿನಲ್ಲಿ ಗಾಳಿ ತುಂಬಿತ್ತು. ನಾನು ಒತ್ತಿದ್ದು ಮುಂದಿನ ವಾಷರ್ ಮಾತ್ರ. ಮಾಸ್ತರರು ಮನೆಗೆ ಹೋಗಿ ಹಿಂದಿನ ವಾಷರ್ ಒತ್ತಿದೊಡನೆ ಆ ಪೈಪ್ ತುಂಬಿ ಹರಿವು ಶುರುವಾಗಿರಬೇಕು. ಹಿಂದಿನ ಬಟನ್ ಒಂದು ಸಲ ಒತ್ತಿ, ಕಾರನ್ನು ಎರಡು ತಾಸು ನಿಲ್ಲಿಸಿಕೊಂಡಿದ್ದರೆ ನನಗೆ ಅಂದೇ ತಿಳಿಯುತ್ತಿತ್ತು.

ಈ ಸಲ ಕಾರನ್ನು ಗ್ಯಾರೇಜಿನ ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿದೆ. ಇಳಿಜಾರಿನಲ್ಲಿ ನಿಂತ ಕಾರಿನಲ್ಲಿ ಮಟ್ಟದ ಲೆಕ್ಕ ತಪ್ಪುತ್ತದೆ. ಲೈನರ್ ತೆಗೆದು ಬಾಟಲಿನ ಮೇಲೆ ಪೇಂಟಿಂಗ್‌ಗೆ ಬಳಸುವ ಪೇಪರ್ ಟೇಪಿನ ಪಟ್ಟಿಯೊಂದನ್ನು ಉದ್ದಕ್ಕೆ ಅಂಟಿಸಿ, ನೀಲಿ ವಾಷರ್ ದ್ರವ ಕಲಸಿದ ನೀರು ತುಂಬಿ, ಎರಡೂ ವಾಷರ್ ಒತ್ತಿ, ತುಂಬಿದ ಮಟ್ಟಕ್ಕೆ ಪೆನ್ನಿನಿಂದ ಗೆರೆ ಹಾಕಿದೆ. ಕಾರಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸಿದೆವು. ತಾಸಿಗೊಂದು ಗೆರೆ ಹಾಕುತ್ತ ಹೋದಂತೆ ಮೊದಲೆರಡು ಗೆರೆಗಳ ನಡುವೆ ಬೆರಳಗಲ ಅಂತರವಿದ್ದರೆ, ಮಧ್ಯಾಹ್ನದ ಗೆರೆಗಳು ಒಂದಕ್ಕೊಂದು ಹತ್ತಿರವಾದವು. ಸಂಜೆಯ ಕೊನೆಯ ಎರಡು ಗೆರೆಗಳು ಒಂದರ ಮೇಲೊಂದು ಬಿದ್ದವು. ಮಟ್ಟ ಒಡಕಿನ ಹತ್ತಿರಕ್ಕೆ ಇಳಿದಂತೆಲ್ಲ ತಳ್ಳುವ ಒತ್ತಡ ಕಡಿಮೆಯಾಗುವುದರಿಂದ ಹರಿವೂ ಹಾಗೆಯೇ ನಿಧಾನವಾಗುತ್ತದೆ. ಆದರೆ ಕೆಳಗಿನ ಪತ್ರಿಕೆ ಎಲ್ಲಿಯೂ ತೊಯ್ದಿರಲಿಲ್ಲ. ಒಂದು ಲೀಟರ್ ನೀರು ನೆಲಕ್ಕೆ ಬಿದ್ದಿಲ್ಲವೆಂದರೆ ಅದು ಕಾರಿನೊಳಗೇ ಹೋಗಿದೆ.

ಎಡಗಡೆಯ ಮುಂದಿನ ಸೀಟಿನೆದುರಿನ ರಬ್ಬರ್ ಮ್ಯಾಟ್ ಎತ್ತಿದಾಗ ಹಸಿ ವಾಸನೆ ಬಂತು. ಕಾರ್ಪೆಟ್ ಮೇಲೆ ಬಿಳಿ ಬಟ್ಟೆ ಇಟ್ಟು ಅಂಗೈಯಿಂದ ಒತ್ತಿದೆ. ಬಟ್ಟೆ ತೊಯ್ದು ತೆಳು ನೀಲಿ ಬಣ್ಣಕ್ಕೆ ತಿರುಗಿತು, ಅಂಚಿನಲ್ಲಿ ಸಣ್ಣ ನೊರೆ ಎದ್ದಿತು. ಮಾಸ್ತರರು ಈ ತೇವವನ್ನು ತಿಂಗಳಿಂದ ನೋಡಿದ್ದರಂತೆ, ಎಸಿ ನೀರೆಂದುಕೊಂಡು ಸುಮ್ಮನಿದ್ದರಂತೆ. ಅವರು ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. ನಮ್ಮ ಕಾರುಗಳಲ್ಲಿ ಎಸಿಯ ತಂಪು ಪೆಟ್ಟಿಗೆ ಇರುವುದೂ ಅದೇ ಬದಿಗೆ, ಈ ಊರಿನ ಧೂಳಿಗೆ ಅದರ ನೀರು ಹೋಗುವ ಕೊಳವೆ ಕಟ್ಟಿಕೊಳ್ಳುವುದೂ ಮಾಮೂಲು. ಆದರೆ ಎಸಿ ನೀರಿಗೆ ಬಣ್ಣವಿಲ್ಲ, ನೊರೆ ಬರುವುದಿಲ್ಲ. ಇಂಜಿನ್ ಕೂಲಂಟ್ ಆದರೆ ಕೈಗೆ ಅಂಟುತ್ತದೆ, ಸಿಹಿ ವಾಸನೆ ಬರುತ್ತದೆ. ಬಿಳಿ ಬಟ್ಟೆಯೊಂದು ಕೈಯಲ್ಲಿದ್ದರೆ ಈ ಮೂರನ್ನೂ ನಿಮಿಷದಲ್ಲಿ ಬೇರ್ಪಡಿಸಬಹುದು.

ಹಿಂದಿನ ಗಾಜಿನ ಪೈಪ್ ಇಂಜಿನ್ ಕಡೆಯಿಂದ ಗೋಡೆ ದಾಟಿ ಕಾರಿನೊಳಗೆ ಬಂದು, ಎಡಗಾಲಿನ ಪಕ್ಕದ ಕವರಿನ ಹಿಂದೆ ಕೆಳಗಿಳಿದು, ಬಾಗಿಲ ಹೊಸ್ತಿಲಿನ ಗುಂಟ ಹೋಗಿ, ಹಿಂದಿನ ಕಂಬದಲ್ಲಿ ಮೇಲೇರಿ ಡಿಕ್ಕಿಯ ಬಾಗಿಲಿಗೆ ಸೇರುತ್ತದೆ. ಅಷ್ಟುದ್ದ ಬಿಚ್ಚುತ್ತ ಹೋದರೆ ಬಿಸಿಲಿಗೆ ಪೆಡಸಾದ ಕ್ಲಿಪ್‌ಗಳು ಪಟಪಟನೆ ಮುರಿಯುತ್ತವೆ, ಆಮೇಲೆ ಆ ಕಾರು ಗುಂಡಿ ಕಂಡಲ್ಲೆಲ್ಲ ಲಟಲಟ ಸದ್ದು ಮಾಡುತ್ತದೆ. ಎಲ್ಲಿ ಬಿಚ್ಚಬೇಕೆಂದು ಮೊದಲೇ ತಿಳಿಯಬೇಕಿತ್ತು. ಆ ದಿನಗಳಲ್ಲಿ ಗ್ಯಾರೇಜಿನ ಪಕ್ಕದಲ್ಲಿ ಮನೆಯೊಂದರ ಪಾಯ ನಡೆಯುತ್ತಿತ್ತು. ಗೌಂಡಿಯ ಹತ್ತಿರ ಹೋಗಿ, ‘ಅಣ್ಣಾ, ನಿಮ್ಮ ಲೆವೆಲ್ ಪೈಪ್ ಹತ್ತು ನಿಮಿಷ ಕೊಡ್ರಿ’ ಎಂದೆ. ಕಾರಿಗೆ ಲೆವೆಲ್ ಪೈಪ್ ಯಾಕೆ ಎಂದು ಆತನೂ ಜೊತೆಗೆ ಬಂದು ನಿಂತ.

ಪಾಯದ ಮೂಲೆಗಳನ್ನು ಒಂದೇ ಮಟ್ಟಕ್ಕೆ ತರಲು ಬಳಸುವ ಆ ಪಾರದರ್ಶಕ ಪೈಪಿನ ಒಂದು ತುದಿಯನ್ನು ನಮ್ಮ ಗ್ಯಾರೇಜಿನ ಹುಡುಗ ವಾಷರ್ ಬಾಟಲಿನ ಪಕ್ಕ ಹಿಡಿದು, ಅದರ ನೀರನ್ನು ಟೇಪಿನ ಕೊನೆಯ ಗೆರೆಗೆ ಸರಿಹೊಂದಿಸಿದ. ಇನ್ನೊಂದು ತುದಿಯನ್ನು ತೆರೆದ ಬಾಗಿಲಿನಿಂದ ಒಳಗೆ ತಂದು ಎಡಗಾಲಿನ ಪಕ್ಕದ ಕವರಿಗೆ ಹಿಡಿದೆ. ನೀರು ಕಾರ್ಪೆಟ್‌ನಿಂದ ಸುಮಾರು ಒಂದು ಗೇಣು ಮೇಲೆ ನಿಂತಿತು. ಅಲ್ಲಿ ಗುರುತು ಹಾಕಿದೆ. ಕಾರಿನೊಳಗೆ ವಾಷರ್ ಪೈಪ್ ಆ ಎತ್ತರವನ್ನು ದಾಟುವುದು ಎರಡೇ ಕಡೆ, ಮುಂದೆ ಇಳಿಯುವಾಗ ಒಮ್ಮೆ, ಹಿಂದಿನ ಕಂಬದಲ್ಲಿ ಏರುವಾಗ ಒಮ್ಮೆ. ತೇವವಿದ್ದದ್ದು ಮುಂದೆ. ಒಂದೇ ಕವರ್, ಎರಡೇ ಕ್ಲಿಪ್ ಬಿಚ್ಚಿದೆವು.

ಗುರುತಿನ ನೇರಕ್ಕೆ ಪೈಪಿನ ಜಾಯಿಂಟ್ ಇತ್ತು. ಎರಡು ಪೈಪ್ ತುದಿಗಳನ್ನು ಸೇರಿಸುವ ಪ್ಲಾಸ್ಟಿಕ್ ತುಂಡಿನಿಂದ ಒಂದು ತುದಿ ಮುಕ್ಕಾಲು ಭಾಗ ಹೊರಗೆ ಸರಿದು, ಅಂಚಿನಲ್ಲಿ ನೀಲಿ ಉಪ್ಪಿನಂತಹ ಒಣ ಗುರುತು ಕಟ್ಟಿತ್ತು. ಹುಡುಗ ಬಾಟಲಿಗೆ ಅರ್ಧ ಲೀಟರ್ ನೀರು ಹಾಕಿ ಹಿಂದಿನ ಬಟನ್ ಒಮ್ಮೆ ಒತ್ತಿದ. ನೋಡುತ್ತಿದ್ದಂತೆ ಆ ಅಂಚಿನಲ್ಲಿ ಹನಿ ಕೂಡಿ, ದಪ್ಪವಾಗಿ, ಪೈಪಿನ ಗುಂಟ ಜಾರಿ ಕಾರ್ಪೆಟ್ಟಿನ ಅಡಿಗೆ ಹೋಯಿತು.

ಪೈಪ್ ತಾನಾಗಿಯೇ ಸರಿಯುವುದಿಲ್ಲ. ಒಂದು ಕಾರಣ ಕಣ್ಣೆದುರೇ ಇತ್ತು. ಹಿಂದೆ ಕ್ಯಾಮೆರಾ ಕೂಡಿಸಿದವರು ಅದರ ವೈರನ್ನು ಇದೇ ಪೈಪಿಗೆ ಕೇಬಲ್ ಟೈ ಹಾಕಿ ಬಿಗಿದಿದ್ದರಿಂದ ಜಾಯಿಂಟಿನ ಹತ್ತಿರ ಪೈಪ್ ಒಂದು ಬದಿಗೆ ಎಳೆದುಕೊಂಡಿತ್ತು. ಆದರೆ ಅಷ್ಟರಿಂದಲೇ ಮುಕ್ಕಾಲು ಭಾಗ ಹೊರಬಂದಿತು ಎನ್ನುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಿಂದಿನ ಗಾಜಿನ ನಾಝಲ್ ನೋಡಿದರೆ ಅದರ ಕಣ್ಣು ಸುಣ್ಣದಂತಹ ಬಿಳಿ ಪದರ ಮತ್ತು ಧೂಳಿನಿಂದ ಮುಚ್ಚಿಯೇ ಹೋಗಿತ್ತು. ಮಾಸ್ತರರು ದಿನವೂ ತುಂಬಿಸುತ್ತಿದ್ದುದು ಬೋರ್‌ವೆಲ್ ನೀರು. ನಾಝಲ್ ಕಟ್ಟಿದ್ದರಿಂದ ನೀರು ಬರುತ್ತಿರಲಿಲ್ಲ, ಬರುತ್ತಿಲ್ಲವೆಂದು ಅವರು ಇನ್ನಷ್ಟು ಹೊತ್ತು ಬಟನ್ ಒತ್ತಿ ಹಿಡಿಯುತ್ತಿದ್ದರು, ಪಂಪಿನ ಒತ್ತಡವೆಲ್ಲ ಮೊದಲೇ ಎಳೆದುಕೊಂಡಿದ್ದ ಆ ಜಾಯಿಂಟಿನ ಮೇಲೆ ಬೀಳುತ್ತಿತ್ತು. ನಾಝಲ್ ಹಾಗೆಯೇ ಬಿಟ್ಟು ಜಾಯಿಂಟ್ ಮಾತ್ರ ಕೂಡಿಸಿದ್ದರೆ ಕಾರು ಮೂರನೆಯ ಸಲ ಬರುತ್ತಿತ್ತು.

ಪೈಪಿನ ಹಿಗ್ಗಿದ ತುದಿಯನ್ನು ಒಂದಂಗುಲ ಕತ್ತರಿಸಿ ಹೊಸ ಜಾಯಿಂಟ್ ಕೂಡಿಸಿದೆ. ಕ್ಯಾಮೆರಾ ವೈರನ್ನು ಬೇರೆ ದಾರಿಯಲ್ಲಿ ಒಯ್ದೆ. ನಾಝಲ್ ಬಿಚ್ಚಿ ನಿಂಬೆ ರಸದಲ್ಲಿ ನೆನೆಹಾಕಿ, ಸುಣ್ಣ ಬಿಟ್ಟ ಮೇಲೆ ಸಣ್ಣ ಸೂಜಿಯಿಂದ ಕಣ್ಣು ಬಿಡಿಸಿದೆ. ಮನೆಯ ಫಿಲ್ಟರಿನಿಂದ ಹೊರಗೆ ಬಿಡುವ ನೀರನ್ನು ವ್ಯರ್ಥ ಮಾಡಬಾರದೆಂದು ಕಾರಿಗೆ ತುಂಬುವವರಿದ್ದಾರೆ. ಆ ನೀರಿನಲ್ಲಿ ಉಪ್ಪಿನಂಶ ಬೋರ್‌ವೆಲ್ ನೀರಿಗಿಂತಲೂ ಹೆಚ್ಚಿರುತ್ತದೆಯಾದ್ದರಿಂದ ಅದು ಇನ್ನೂ ಕೆಟ್ಟದ್ದು. ಫಿಲ್ಟರಿನ ಕುಡಿಯುವ ನೀರನ್ನೇ ವಾಷರ್ ದ್ರವದೊಂದಿಗೆ ಕಲಸಿ ಹಾಕಿರೆಂದು ಮಾಸ್ತರರಿಗೆ ಹೇಳಿದೆ. ಎರಡನೆಯ ಸಲದ ಕೂಲಿ ತೆಗೆದುಕೊಳ್ಳಲಿಲ್ಲ, ಜಾಯಿಂಟಿನ ದುಡ್ಡನ್ನೂ ಕೇಳಲಿಲ್ಲ.

ಕಾರ್ಪೆಟ್ ಎತ್ತಿ ಅಡಿಯ ಸ್ಪಂಜನ್ನು ಬಿಸಿಲಿಗೆ ಒಣಗಿಸಲು ಎರಡು ದಿನ ಬೇಕಿದ್ದರಿಂದ ಕಾರು ಗ್ಯಾರೇಜಿನಲ್ಲೇ ಇತ್ತು. ಆ ಎರಡು ದಿನವೂ ಬಾಟಲ್ ತುಂಬಿಸಿ, ಎರಡೂ ವಾಷರ್ ಒತ್ತಿ, ಹೊಸ ಟೇಪಿನ ಮೇಲೆ ಗೆರೆ ಹಾಕಿಟ್ಟೆ. ಮೂರನೆಯ ದಿನ ಮುಂಜಾನೆ ನೀರು ಗೆರೆಯ ಮೇಲೆಯೇ ನಿಂತಿತ್ತು. ಲೈನರ್ ಕೂಡಿಸಿ, ಚಕ್ರ ಬಿಗಿದು, ಮಾಸ್ತರರಿಗೆ ಫೋನ್ ಮಾಡಿದೆ.