ಒಣ ನಾಲಿಗೆಗೆ ತಕ್ಕ ಮಾತ್ರೆ

ವಯಸ್ಸಾದವರಿಗೆ ಮಾತ್ರೆ ತಯಾರಿಸುವುದು ಎಂದ ಕೂಡಲೇ ಬರುವ ಮೊದಲ ಸಲಹೆ, ಚಿಕ್ಕದು ಮಾಡಿ ಅಂತ. ಗಾತ್ರದ ಮಾತು ಸರಿಯೇ, ಆದರೆ ಮಾತ್ರೆ ಎಷ್ಟೋ ಸಲ ಸಿಕ್ಕಿಕೊಳ್ಳುವುದು ದೊಡ್ಡದೆಂದಲ್ಲ, ಅಂಟುತ್ತದೆ ಎಂದು. ಅಲರ್ಜಿ, ಖಿನ್ನತೆ, ಮೂತ್ರಕೋಶದ ತೊಂದರೆಗೆ ಕೊಡುವ ಹಲವು ಔಷಧಗಳು ಬಾಯಿ ಒಣಗಿಸುತ್ತವೆ. ಅಂಥ ನಾಲಿಗೆಯ ಮೇಲೆ ಲೇಪವಿಲ್ಲದ ಮಾತ್ರೆ ಇಟ್ಟರೆ, ಇರುವ ಚೂರು ತೇವವನ್ನೂ ಅದೇ ಹೀರಿಕೊಂಡು ಕಚ್ಚಿ ಕೂರುತ್ತದೆ. ಮೇಲ್ಮೈ ಕರಗಿ ಕಹಿ ಬಿಟ್ಟರಂತೂ ನಾಲಿಗೆ ಅದನ್ನು ಹಿಂದಕ್ಕಲ್ಲ, ಹೊರಕ್ಕೇ ತಳ್ಳುತ್ತದೆ. ಜೆಲಾಟಿನ್ ಕ್ಯಾಪ್ಸೂಲ್ ಅರೆಬರೆ ನೆನೆದರೆ ಗೋಂದೇ ಸರಿ.

ಆದ್ದರಿಂದ ಲೇಪದಿಂದಲೇ ಶುರುಮಾಡಬೇಕು. ಮಾತ್ರೆಯ ತೂಕದ ಶೇ. 2ರಿಂದ 4ರಷ್ಟು ಫಿಲ್ಮ್ ಕೋಟಿಂಗ್ (ಸ್ಪ್ರೇ ಮಾಡಿ ಒಣಗಿಸುವ ತೆಳು ಲೇಪ) ಸಾಮಾನ್ಯ, 800 ಮಿ.ಗ್ರಾಂ ಮಾತ್ರೆಗೆ ಶೇ. 3 ಎಂದರೆ 24 ಮಿ.ಗ್ರಾಂ. ಇಷ್ಟು ತೆಳು ಪದರವೇ ಕಹಿಯನ್ನು ತಡೆದು ಮಾತ್ರೆಯನ್ನು ಜಾರಿಸಬೇಕು. ಸ್ಪ್ರೇ ಅತಿ ಒಣಗಿದ್ದರೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗುತ್ತದೆ, ಅತಿ ಒದ್ದೆಯಾದರೆ ಮಾತ್ರೆಗಳು ಒಂದಕ್ಕೊಂದು ಅಂಟಿ ಜೋಡಿಯಾಗುತ್ತವೆ. ಪಕ್ಕಗಳು ಚಪ್ಪಟೆಯಾಗಿರುವ ಉದ್ದ ಮಾತ್ರೆಗಳಲ್ಲಿ ಈ ಜೋಡಿ ಕಾಟ ಹೆಚ್ಚು. ಪಕ್ಕಕ್ಕೆ ತುಸು ಬಾಗು ಕೊಟ್ಟರೆ ಕಡಿಮೆಯಾಗುತ್ತದೆ. ಲೇಪ ಜಾರುತ್ತದೋ ಇಲ್ಲವೋ ನೋಡಲು ದುಬಾರಿ ಯಂತ್ರ ಬೇಕಿಲ್ಲ. ಗಾಜಿನ ಮೇಲೆ ಒದ್ದೆ ಫಿಲ್ಟರ್ ಕಾಗದ ಹಾಸಿ, ಮಾತ್ರೆ ಇಟ್ಟು, 10, 30, 60 ಸೆಕೆಂಡ್ ಬಿಟ್ಟು ಗಾಜನ್ನು ಓರೆ ಮಾಡಿ. ಹತ್ತು ಸೆಕೆಂಡಿಗೆ ಜಾರಿದ್ದು ಅರವತ್ತಕ್ಕೆ ಅಂಟಿಕೊಂಡರೆ, ನಿಧಾನವಾಗಿ ನುಂಗುವವರ ಬಾಯಲ್ಲೂ ಅಂಟುತ್ತದೆ ಎಂದೇ ಭಾವಿಸಿ.

ಇನ್ನು ಆಕಾರ. ಅದೇ 800 ಮಿ.ಗ್ರಾಂ ಮಾತ್ರೆಯ ಸಾಂದ್ರತೆ ಘನ ಸೆಂ.ಮೀ.ಗೆ 1.25 ಗ್ರಾಂ ಎಂದರೆ ಗಾತ್ರ 640 ಘನ ಮಿ.ಮೀ. ಮೇಲೆ ಕೆಳಗಿನ ಉಬ್ಬು ಬಿಟ್ಟು ಲೆಕ್ಕ ಹಾಕಿದರೆ, 12 ಮಿ.ಮೀ. ಅಗಲದ ದುಂಡು ಮಾತ್ರೆಯ ದಪ್ಪ 5.7 ಮಿ.ಮೀ. ಅದನ್ನೇ 17 × 7 ಮಿ.ಮೀ. ಉದ್ದ ಮಾತ್ರೆ ಮಾಡಿದರೆ ದಪ್ಪ 5.9. ದಪ್ಪ ಹೆಚ್ಚುಕಮ್ಮಿ ಅಷ್ಟೇ. ಗಂಟಲಿಗೆ ಎದುರಾಗುವ ಅಗಲ ಮಾತ್ರ 12ರಿಂದ 7ಕ್ಕೆ ಇಳಿಯಿತು. ಹಾಗಂತ ಉದ್ದ ಬೆಳೆಸುತ್ತಲೇ ಹೋಗುವಂತಿಲ್ಲ: ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಜೆನೆರಿಕ್ ಮಾತ್ರೆಗಳಿಗೆ ಕೊಟ್ಟ ಮಾರ್ಗಸೂಚಿ 22 ಮಿ.ಮೀ. ಮೀರಬೇಡಿ ಎನ್ನುತ್ತದೆ. ಪುಡಿಯನ್ನು ರೋಲರ್‌ನಲ್ಲಿ ಒತ್ತಿ ಹರಳಾಗಿಸಿಕೊಂಡರೆ ಡೈನಲ್ಲಿ, ಅಂದರೆ ಮಾತ್ರೆ ಒತ್ತುವ ಅಚ್ಚಿನಲ್ಲಿ, ಹೆಚ್ಚು ತೂಕ ಹಿಡಿಯುತ್ತದೆ, ಸಣ್ಣ ಅಚ್ಚು ಸಾಕಾಗುತ್ತದೆ.

ಗಂಟಲಿಗಿಂತ ಮೊದಲು ಕೈ ಇದೆ, ಇದನ್ನು ಮರೆಯುವವರೇ ಹೆಚ್ಚು. 5 ಮಿ.ಮೀ.ಗಿಂತ ಚಿಕ್ಕ ಬಿಳಿ ಮಾತ್ರೆ ನಡುಗುವ ಬೆರಳಿಂದ ಜಾರಿ ಬಿಳಿ ಹಾಸಿಗೆಯಲ್ಲಿ ಮಾಯವಾಗುತ್ತದೆ. ಹಿಡಿಯಲು, ನುಂಗಲು ಎರಡಕ್ಕೂ 7–8 ಮಿ.ಮೀ. ಒಳ್ಳೆಯ ಗುರಿ, ಜೊತೆಗೆ ಎದ್ದು ಕಾಣುವ ಬಣ್ಣ ಬೇಕು.

ಬಾಯಲ್ಲೇ ಕರಗುವ ಮಾತ್ರೆ ಎಲ್ಲದಕ್ಕೂ ಪರಿಹಾರವೆಂದು ನಂಬಬೇಡಿ. ಸಿಹಿಯಾದ ಮ್ಯಾನಿಟಾಲ್, ಮಾತ್ರೆಯನ್ನು ಬೇಗ ಒಡೆಯುವ ಕ್ರಾಸ್ಪೊವಿಡೋನ್ ಹಾಕಿ ಸುಮಾರು 30 ಸೆಕೆಂಡಿಗೆ ಚದುರುವಂತೆ ಮಾಡಬಹುದು, ಆದರೆ ಒಟ್ಟು ತೂಕ 500 ಮಿ.ಗ್ರಾಂ ಒಳಗಿರಬೇಕು, ಕಹಿ ಮುಚ್ಚಬೇಕು. ಚದುರಲು ಜೊಲ್ಲು ಬೇಕಲ್ಲ. ಒಣ ಬಾಯಿಯಲ್ಲಿ ಅದು ಪೇಸ್ಟಾಗಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಮೆದುವಾದ್ದರಿಂದ ಫಾಯಿಲ್ ಮೂಲಕ ಒತ್ತಿದರೆ ಪುಡಿ. ಸುಲಿದು ತೆಗೆಯುವ ಫಾಯಿಲ್ ಹಾಕೋಣವೆಂದರೆ ಸಂಧಿವಾತದ ಬೆರಳಿಗೆ ಅದೂ ಕಷ್ಟ. ಸುಲಿಯುವ ಅಂಚನ್ನು ಉದಾರವಾಗಿ ಅಗಲ ಬಿಡಿ.

ನುಂಗಲಾಗದ ಮಾತ್ರೆಯನ್ನು ಮನೆಯವರು ಕುಟ್ಟಿ ಪುಡಿ ಮಾಡುತ್ತಾರೆ. ದಿನವಿಡೀ ನಿಧಾನವಾಗಿ ಬಿಡಬೇಕಾದ ಔಷಧವಾದರೆ ಅಷ್ಟೂ ಒಮ್ಮೆಗೇ ಮೈಗಿಳಿಯುತ್ತದೆ. ಅಂಥವನ್ನು ಮೊದಲೇ ಲೇಪವಿರುವ ಸಣ್ಣ ಗುಳಿಗೆಗಳಾಗಿ ಕ್ಯಾಪ್ಸೂಲಿನಲ್ಲಿ ತುಂಬಿದರೆ, ಬಿಡಿಸಿ ಮೆದು ಆಹಾರದ ಮೇಲೆ ಉದುರಿಸಿ ಅಗಿಯದೆ ನುಂಗಬಹುದು.

ಕ್ಯಾಪ್ಸೂಲ್ ನುಂಗುವಾಗ ತಲೆ ಹಿಂದಕ್ಕೆ ಎತ್ತುವುದು ತಪ್ಪು. ಅದು ನೀರಿನಲ್ಲಿ ತೇಲುತ್ತದೆ, ತಲೆ ಎತ್ತಿದರೆ ಹಲ್ಲಿನ ಕಡೆಗೇ ಬರುತ್ತದೆ. ಮೊದಲು ಬಾಯಿ ಒದ್ದೆ ಮಾಡಿ, ಕ್ಯಾಪ್ಸೂಲ್ ಇಟ್ಟು, ಒಂದು ಗುಟುಕು ನೀರು ತುಂಬಿಕೊಂಡು, ಗಲ್ಲವನ್ನು ಎದೆಯ ಕಡೆಗೆ ಬಾಗಿಸಿದರೆ ಗಂಟಲ ಕಡೆಗೆ ತೇಲುತ್ತದೆ. ಈ ನಾಲ್ಕು ಹೆಜ್ಜೆಯನ್ನು ಡಬ್ಬಿಯ ಮೇಲೇ ಚಿತ್ರವಾಗಿ, ದಪ್ಪ ಗೆರೆಯಲ್ಲಿ ಅಚ್ಚು ಹಾಕಲು ಜಾಗ ಬಿಡಿ.